ಬೈಯುವುದಿಲ್ಲ, ಹೇಳು

ನನ್ನ ನಾಲಿಗೆ ಚುರುಕು ಎಂಬುದು ಸಿರುಗುಪ್ಪದ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೊಸರು ಮಾರುವವಳು ಊರಿಗೆಲ್ಲ ಒಂದು ಗಡಿಗೆಯಿಂದ ಅಳೆದರೆ ನಮ್ಮ ಬಾಗಿಲಲ್ಲಿ ಮಾತ್ರ ಬೇರೆ ಗಡಿಗೆ ಇಳಿಸುತ್ತಿದ್ದಳು, ಅದರಲ್ಲಿ ನೀರು ಬೆರೆಸಿರುತ್ತಿರಲಿಲ್ಲ. ಹಾಗಾಗಿ ಬಾಣಂತನಕ್ಕೆಂದು ಬಳ್ಳಾರಿಯ ತವರಿಗೆ ಹೋದ ನನ್ನ ಸೊಸೆ, ಕೂಸಿಗೆ ಐದು ತಿಂಗಳು ತುಂಬಿದ ಮೇಲೂ ತಿರುಗಿ ಬಾರದೆ ಉಳಿದಾಗ ಯಾರೂ ನನ್ನನ್ನು ಕಾರಣ ಕೇಳಲಿಲ್ಲ. ಕೇಳದೆಯೇ ತಿಳಿದುಕೊಂಡರು.

ಎರಡು ಸಲ ಕರೆಯಲು ಕಳಿಸಿದ್ದೆವು. ಮೊದಲ ಸಲ ಕೂಸಿಗೆ ಕೆಮ್ಮು ಎಂದರು. ಎರಡನೇ ಸಲ ಕೆಮ್ಮಿನ ಮಾತೂ ಇಲ್ಲ, "ನೋಡೂಣು" ಎಂದಷ್ಟೇ ಹೇಳಿ ಕಳಿಸಿದರು. ಬೀಗರ ಬಾಯಲ್ಲಿ ಆ ಮಾತಿಗೆ ಏನರ್ಥ ಎಂದು ಹೆಣ್ಣು ಕೊಟ್ಟು ತಂದವರಿಗೆಲ್ಲ ಗೊತ್ತು. ಮನೆಯ ಹಿರಿಯರಾದ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಪಡಸಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತ, "ಬರದಿದ್ರ ಬಿಡ್ರಿ. ಹುಡುಗ ಇನ್ನೂ ಸಣ್ಣಾವ ಅದಾನ. ಬ್ಯಾರೆ ಹೆಣ್ಣು ನೋಡೂಣು" ಎಂದರು. ನನ್ನ ಮಗ ಕಂಬಕ್ಕೆ ಒರಗಿ ನಿಂತಿದ್ದ. ತುಟಿ ಬಿಚ್ಚಲಿಲ್ಲ. ದೊಡ್ಡಪ್ಪನ ಮುಂದೆ ತುಟಿ ಬಿಚ್ಚುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ. ಆದರೆ ಅವನ ಮುಖ ನೋಡಿದೆ. ಆ ಹುಡುಗಿಯನ್ನು ಕೂಸಿನ ಸಮೇತ ನಾನೇ ಹೋಗಿ ಕರೆತರುತ್ತೇನೆ ಎಂದು ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡೆ.

ನಡೆದದ್ದನ್ನು ಮೊದಲಿನಿಂದ ಹೇಳಬೇಕು.

ಸೊಸೆಯ ಮನೆಯವರು ನಮ್ಮವರೇ, ಆದರೆ ಮನೆಮಾತು ತೆಲುಗು. ನಮ್ಮ ಸೀಮೆಯಲ್ಲಿ ಇದು ಹೊಸತಲ್ಲ. ಸಂತೆಯಲ್ಲಿ ನಾವೆಲ್ಲ ತೆಲುಗಿನಲ್ಲೇ ಬದನೆಕಾಯಿ ಚೌಕಾಸಿ ಮಾಡುತ್ತೇವೆ. ಅವಳೂ ಬಳ್ಳಾರಿಯಲ್ಲಿ ಬೆಳೆದವಳಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೂ ಅವಳು ಬಂದ ಹೊಸದರಲ್ಲಿ, "ಈ ಮನ್ಯಾಗ ಕನ್ನಡನ ಆಡಬೇಕು ನೋಡವ್ವಾ" ಎಂದು ನಾನು ಅಪ್ಪಣೆ ಮಾಡಿದೆ. ಏಕೆ ಮಾಡಿದೆನೋ. ಅತ್ತೆಯಾದ ಮೇಲೆ ಏನಾದರೂ ಒಂದು ಅಪ್ಪಣೆ ಮಾಡಬೇಕಲ್ಲ. ಪಾಪ, ಅವಳು ಪಾಲಿಸಿದಳು. ಆದರೆ ಹೌದು, ಇಲ್ಲ ಎನ್ನುವುದು ಯೋಚಿಸಿ ಆಡುವ ಮಾತಲ್ಲ. ಅದು ಮಾತ್ರ ಅವಳ ಬಾಯಿಂದ ತೆಲುಗಿನಲ್ಲೇ ಜಾರಿ ಬೀಳುತ್ತಿತ್ತು.

ಅವಳು ಆರು ತಿಂಗಳ ಬಸುರಿಯಾಗಿದ್ದಾಗ ಹಬ್ಬಕ್ಕೆ ನೆಂಟರು ಬಂದು ಪಡಸಾಲೆ ತುಂಬಿತ್ತು. ನಾನು ಒಲೆಯ ಮುಂದಿದ್ದೆ. ಹೊರಗೆ ಯಾರೋ ಬಂದು ಚಪ್ಪಲಿ ಬಿಟ್ಟ ಸದ್ದಾಯಿತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಸೊಸೆಯನ್ನು ಕೇಳಿದೆ:

"ಯಾರು ಬಂದಾರ? ದೊಡ್ಡ ಮಾವನೋರೇನು?"

"ಅವುನು," ಎಂದಳು.

ತೆಲುಗಿನಲ್ಲಿ ಅವುನು ಎಂದರೆ ಹೌದು. ಆದರೆ ಮನೆಯಲ್ಲಿ ಕನ್ನಡವೇ ಇರಬೇಕೆಂದು ಅಪ್ಪಣೆ ಮಾಡಿದವಳ ಕಿವಿ ಕನ್ನಡವನ್ನೇ ಕೇಳಿತು. ಅವನು! ಮನೆಯ ಹಿರಿಯ ಮಾವನನ್ನು, ಅಂದರೆ ನನ್ನ ಭಾವನನ್ನು, ನೆಂಟರ ಎದುರಿಗೆ ಅವನು ಎಂದಳಲ್ಲ ಎಂದುಕೊಂಡೆ. ನಮ್ಮ ಕಡೆ ಯಾರೂ ಹಾಗೆ ಉಚ್ಚರಿಸುವುದಿಲ್ಲ, 'ಅಂವ' ಎನ್ನುತ್ತೇವೆ. ಅದೂ ನನ್ನನ್ನು ತಡೆಯಲಿಲ್ಲ. ಪಟ್ಟಣದ ಹುಡುಗಿ ತಿರಸ್ಕಾರವನ್ನೂ ಅಚ್ಚುಕಟ್ಟಾಗಿ ಆಡುತ್ತಾಳೆ ಎಂದೇ ತಿಳಿದೆ.

ಪಡಸಾಲೆಯಲ್ಲಿ ಭಾವ ಕೆಮ್ಮಿದರು. ಅವರ ಆ ಕೆಮ್ಮು ನನಗೆ ಮದುವೆಯಾಗಿ ಬಂದ ವಾರದಿಂದ ಗೊತ್ತು. ಸೌಟು ಕೈಯಲ್ಲಿದ್ದ ಹಾಗೇ ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ ಸೊಸೆಯನ್ನು ತರಾಟೆಗೆ ತೆಗೆದುಕೊಂಡೆ.

"ಯಾರಿಗಿ ಏನ್ ಅನ್ನಬೇಕಂತ ತಿಳಿಯಂಗಿಲ್ಲೇನ ನಿನಗ? ನಿಮ್ಮಪ್ಪ ಹತ್ತಿ ತೂಗಾದು ಕಲಿಸ್ಯಾನ, ಮಾತು ತೂಗಾದು ಕಲಿಸಿಲ್ಲೇನು?"

ಅವಳ ತಂದೆಗೆ ಬಳ್ಳಾರಿಯಲ್ಲಿ ಹತ್ತಿಯ ವ್ಯಾಪಾರ. ನನ್ನ ಮಾತಿಗೆ ನೆಂಟರಲ್ಲಿ ಯಾರೋ ನಕ್ಕರು. ನಗು ಸಿಕ್ಕಿದರೆ ನನ್ನ ನಾಲಿಗೆಗೆ ಇನ್ನಷ್ಟು ಹುರುಪು. ಇನ್ನೂ ನಾಲ್ಕು ಮಾತು ಬಂದವು, ಅವನ್ನು ಇಲ್ಲಿ ಬರೆಯುವುದಿಲ್ಲ. ಮುಗಿದ ಮೇಲೆ ಸೊಸೆ ಸೆರಗು ಸರಿಮಾಡಿಕೊಂಡು ಹಿತ್ತಲಿಗೆ ಹೋದಳು.

ಸಂಜೆ ಆದವಾನಿ ಕಡೆಯ, ತೆಲುಗು ಆಡುವ ಎಲೆ ಮಾರುವವನು ಓಣಿಗೆ ಬಂದ. "ಎಲಿ ಇವತ್ತಿಂದೇನಪಾ?" ಎಂದು ಕೇಳಿದೆ. "ಅವುನಮ್ಮಾ, ಅವುನು," ಎಂದ. ಎಲೆಯ ಕಟ್ಟು ನನ್ನ ಕೈಯಲ್ಲೇ ಉಳಿಯಿತು. ಹುಟ್ಟಿದಾಗಿನಿಂದ ಕೇಳಿದ ಮಾತು ಅದು.

ನನಗೊಂದು ರೂಢಿಯಿದೆ. ದಿನಾ ದೀಪ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಅದರ ಮುಂದೆ ಕುಳಿತು, ಬೆಳಗಿನಿಂದ ಆಡಿದ್ದು ಮಾಡಿದ್ದನ್ನೆಲ್ಲ ನನಗೆ ನಾನೇ ಒಪ್ಪಿಸುತ್ತೇನೆ. ಇದು ನನ್ನ ತವರು ಕುರುಗೋಡಿನಲ್ಲಿ ಅಜ್ಜಿಯನ್ನು ನೋಡಿ ಹಿಡಿದದ್ದು. ದೇವರಿಗೆ ಕೈಮುಗಿಯುವುದು ಬೇರೆ, ಇದು ಬೇರೆ. ಇದರಲ್ಲಿ ಕೇಳುವವಳೂ ನಾನೇ, ಹೇಳುವವಳೂ ನಾನೇ. ಹಾಗೆ ಕೇಳುವಾಗ ನಾನು ನನ್ನನ್ನು 'ಲೇ' ಎಂದೇ ಕರೆಯುತ್ತಿದ್ದೆ. ಲೇ, ಇವತ್ತ ಯಾರ ಮನಸು ಮುರದಿ? ಲೇ, ಆ ಮೊಸರಿನಾಕಿಗೆ ಅಷ್ಟು ಯಾಕ ಅಂದಿ? ಬೇರೆಯವರನ್ನು ಬೈಯುವ ನಾಲಿಗೆ ನನ್ನನ್ನೂ ಬಿಡುವುದಿಲ್ಲ ಎಂಬುದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ನ್ಯಾಯ ಎಂದರೆ ಹೀಗಿರಬೇಕು ಎಂದುಕೊಳ್ಳುತ್ತಿದ್ದೆ.

ಅಂದು ಸಂಜೆ ದೀಪದ ಮುಂದೆ ಕುಳಿತು ನನ್ನನ್ನು ಮನಸಾರೆ ಬೈದುಕೊಂಡೆ. ಲೇ ಕತ್ತೆ, ಅವುನು ಅಂದ್ರೇನು ಗೊತ್ತಿಲ್ಲೇನ ನಿನಗ? ಬಸುರಿ ಹುಡುಗೀನ ಮಂದಿಯೊಳಗ ನಿಲ್ಲಿಸಿ ಬೈದಿಯಲ್ಲ, ನಿನ್ನ ನಾಲಿಗಿಗೆ ಬರೆ ಹಾಕಬೇಕು. ಬೈದು ಬೈದು ಸುಸ್ತಾದೆ. ಸುಸ್ತಾದ ಮೇಲೆ ಮನಸ್ಸು ಹಗುರವಾಯಿತು. ಎದ್ದು ಹೋಗಿ ಎಲ್ಲರಿಗೂ ಬಡಿಸಿದೆ, ಸೊಸೆಗೂ ಬಡಿಸಿದೆ. ಅವಳಿಗೆ ಒಂದು ಮಾತು ಹೇಳಲಿಲ್ಲ. ಶಿಕ್ಷೆ ಆಗಿಹೋಗಿದೆ, ಇನ್ನೇನು ಉಳಿದಿದೆ ಎನ್ನುವ ಹಾಗಿತ್ತು ನನ್ನ ಮನಸ್ಸು.

ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಕೆಲಸ ಬಿಡಲಿಲ್ಲ, ಮುಖ ಗಂಟು ಹಾಕಲಿಲ್ಲ. ಏನು ಕೇಳಿದರೂ ತಲೆಯಾಡಿಸುತ್ತಿದ್ದಳು, ಅಷ್ಟೇ. ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿಸಿ ಅವಳ ತಂದೆ ಕರೆದೊಯ್ದರು. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನಾವೆಲ್ಲ ಹೋದಾಗ ನನ್ನ ಕಾಲು ಮುಟ್ಟಿದಳು, ಕೂಸನ್ನು ನನ್ನ ಕೈಗೆ ಕೊಟ್ಟಳು. ಆಗಲೂ ಬಾಯಿ ತೆರೆಯಲಿಲ್ಲ. ನಾನು ಊರಿಗೆ ಬಂದು ದೀಪದ ಮುಂದೆ ಮತ್ತೆ ನನ್ನನ್ನು ಬೈದುಕೊಂಡೆ. ಅಷ್ಟು ದಿನವೂ ಅದೇ ನಡೆದಿತ್ತು.

ಈಗ ಭಾವ ಬೇರೆ ಹೆಣ್ಣಿನ ಮಾತು ಎತ್ತಿದಾಗ ನಾನು ಪಡಸಾಲೆಯ ಬಾಗಿಲಿಗೆ ಬಂದು ನಿಂತೆ.

"ನಾ ಹೋಗಿ ಕರಕೊಂಡು ಬರ್ತೀನ್ರಿ," ಎಂದೆ.

"ಸೊಸೀನ ಕರ್ಯಾಕ ಅತ್ತಿ ಹೋಗಾದು ಯಾವ ಊರಾಗ ಐತಿ?" ಎಂದರು ಭಾವ.

"ಇನ್ನ ಮ್ಯಾಲೆ ಸಿರುಗುಪ್ಪದಾಗ ಐತಿ ಅಂತ ಅನ್ರಿ."

ಅವರು ಕೆಮ್ಮಿದರು. ನಾನು ಅಲ್ಲೇ ನಿಂತೆ. ನನ್ನ ಗಂಡ ಮಾತಿಗೆ ಬಹಳ ಜಿಪುಣರು. ಅವರು ಅಣ್ಣನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಮಗನಿಗೆ, "ನಸುಕಿನ್ಯಾಗ ಬಂಡಿ ಹೂಡು" ಎಂದರು.

ಬಳ್ಳಾರಿಗೆ ರೈಲು ಬಂದಿತ್ತಾದರೂ ಸಿರುಗುಪ್ಪದವರಿಗೆ ಎತ್ತಿನ ಬಂಡಿಯೇ ಗತಿ. ಕಾಲುವೆಯ ಭತ್ತದ ಗದ್ದೆಗಳು ಮುಗಿದು ಎರೆಮಣ್ಣಿನ ಹೊಲಗಳು ಶುರುವಾದ ಮೇಲೆ ಮಗ ಮೊದಲ ಸಲ ಬಾಯಿ ಬಿಟ್ಟ. "ಯವ್ವಾ, ಆಕಿ ಬರಲಿಲ್ಲಂದ್ರ?" ಎಂದು ಕೇಳಿದ. "ಬರಲಿಲ್ಲಂದ್ರ ಮತ್ತ ಹೋಗೂಣು," ಎಂದೆ. ಸ್ವಲ್ಪ ಸುತ್ತಾದರೂ ಕುರುಗೋಡಿನ ದಾರಿ ಹಿಡಿಸಿದೆ. ಅಲ್ಲಿ ನನ್ನ ಅಣ್ಣನ ಮನೆಯಲ್ಲಿ ರಾತ್ರಿ ಉಳಿದು ಮರುದಿನ ಮುಂದೆ ಹೋಗುವುದೆಂದು ಎಣಿಕೆ.

ಸಂಜೆ ಅಣ್ಣನ ಮನೆಯಲ್ಲಿ ದೀಪ ಹಚ್ಚಿದರು. ಅದೇ ಗೋಡೆ, ಅದೇ ಮಸಿ ಹಿಡಿದ ಗೂಡು. ರೂಢಿಯಂತೆ ಎದುರಿಗೆ ಕುಳಿತು 'ಲೇ' ಎಂದು ಶುರುಮಾಡಲು ಹೋದೆ. ಅಲ್ಲಿ ಕುಳಿತು ಆ ಮಾತು ಬಾಯಿಗೆ ಬರಲಿಲ್ಲ. ಅಜ್ಜಿ ಆಡುತ್ತಿದ್ದ ಮಾತು ಕಿವಿಗೆ ಬಂತು.

ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಊರಿನ ಹುಡುಗರಿಗೆ ಜಗಲಿಯ ಮೇಲೆ ಮರಳು ಹರವಿ ಅಕ್ಷರ ಕಲಿಸುತ್ತಿದ್ದರು. ನಾನು ಒಳಬಾಗಿಲಲ್ಲಿ ಕುಳಿತು ಕದ್ದು ಕಲಿಯುತ್ತಿದ್ದೆ. ಸಂಜೆ ಜಗಲಿ ಖಾಲಿಯಾದ ಮೇಲೆ ಅಜ್ಜಿ ಬಂದು ದೀಪದ ಮಸಿ ಒರೆಸಿ, ಬತ್ತಿ ತೀಡಿ, ಹಚ್ಚಿ, ಕುಳಿತು ಹೇಳುತ್ತಿದ್ದಳು: "ಇವತ್ತೇನಾತು ಹೇಳ ತಂಗಿ. ಬೈಯಂಗಿಲ್ಲ, ಹೇಳು." ನನ್ನನ್ನೇ ಕೇಳುತ್ತಿದ್ದಾಳೆಂದು ತಿಳಿದು ನಾನು ಒಂದು ದಿನ ಬೆಲ್ಲ ಕದ್ದದ್ದನ್ನು ಒಪ್ಪಿಬಿಟ್ಟೆ. ಅಜ್ಜಿ ಗಾಬರಿಯಾಗಿ ತಿರುಗಿ ನೋಡಿದಳು. ಆಮೇಲೆ ನಗುತ್ತ, "ನಿನಗಲ್ಲ ಕೂಸ, ನನಗ ನಾನ ಕೇಳಾಕ ಹತ್ತೀನಿ. ಆದ್ರೂ ಹೇಳಿದ್ದು ಚಲೋ ಆತು" ಎಂದಳು. ಬೈಯಲಿಲ್ಲ.

ಮನೆಯಲ್ಲಿ ಈ ಬೆಲ್ಲದ ಕಥೆ ಹೇಳಿ ನಾವು ನಕ್ಕದ್ದೆಷ್ಟೋ. ಆದರೆ ಅಜ್ಜಿ ತನ್ನನ್ನು ತಂಗಿ ಎಂದು ಏಕೆ ಕರೆದುಕೊಳ್ಳುತ್ತಿದ್ದಳು ಎಂದು ನಾನು ಯೋಚಿಸಿರಲಿಲ್ಲ. ಅಂದು ಯೋಚಿಸಿದೆ. ಬೈಗುಳ ಬೀಳುತ್ತದೆಂದು ಗೊತ್ತಿದ್ದವರು ಯಾವತ್ತಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆಯೇ? ನನ್ನ ಮಗ ದೊಡ್ಡಪ್ಪನ ಮುಂದೆ ಹೇಳುತ್ತಾನೆಯೇ? ನನ್ನ ಮುಂದೆ ನಾನೂ ಹಾಗೇ. 'ಲೇ' ಎಂದು ಕರೆದ ಕೂಡಲೇ ನನ್ನೊಳಗೆ ಹೇಳಬೇಕಾದವಳು ಮೂಲೆ ಸೇರಿಬಿಡುತ್ತಿದ್ದಳು. ಹೊರಗೆ ಬರುತ್ತಿದ್ದದ್ದು ಒಪ್ಪಿಕೊಂಡರೂ ಪರವಾಗಿಲ್ಲ ಎನ್ನುವಂಥ ತಪ್ಪು ಮಾತ್ರ. ಕಿವಿ ತಪ್ಪು ಕೇಳಿತು, ನಾಲಿಗೆ ಜೋರು, ಇಂಥವು.

ಇಷ್ಟು ವಯಸ್ಸಾದ ಮೇಲೆ ನನ್ನನ್ನು ನಾನೇ ತಂಗಿ ಎನ್ನಲು ನಾಚಿಕೆಯಾಯಿತು. ಅತ್ತಿಗೆ ಒಳಗಿದ್ದಾಳೆಯೇ ಎಂದು ನೋಡಿಕೊಂಡು ಮೆಲ್ಲಗೆ ಕೇಳಿದೆ: "ಅವತ್ತೇನಾತು ಹೇಳ ತಂಗಿ. ಬೈಯಂಗಿಲ್ಲ."

ನೆನಪಿಗೆ ಬಂದದ್ದು ಭಾವನ ಕೆಮ್ಮು. ನಾನು ಮರ್ಯಾದೆ ಕಲಿಸಲು ಬೈದಿರಲಿಲ್ಲ. ಭಾವನಿಗೆ ಹೆದರಿ ಬೈದಿದ್ದೆ. ಕುರುಗೋಡಿನವಳಿಗೆ ಮನೆ ನಡೆಸಲು ಬರುವುದಿಲ್ಲ ಎಂದು ಅವರು ನೆಂಟರ ಮುಂದೆ ಅಂದಾರೆಂಬ ಹೆದರಿಕೆ. ಊರಿಗೆಲ್ಲ ಹುಲಿಯಂತಿದ್ದವಳು ಒಂದು ಕೆಮ್ಮಿಗೆ ನಡುಗಿ, ಕೈಗೆ ಸಿಕ್ಕ ಹುಡುಗಿಯ ಮೇಲೆ ಹಾರಿದ್ದೆ. ಇದು ತಿಳಿದಾಗ ನನ್ನ ಮೇಲೆ ಸಿಟ್ಟು ಬರಲಿಲ್ಲ. ಅಷ್ಟು ವರ್ಷ ಹೆದರಿಕೊಂಡೇ ಬದುಕಿದವಳ ಬಗ್ಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದರೂ ತಪ್ಪು ತಪ್ಪೇ ಆಗಿತ್ತು, ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಮರುದಿನ ಬಳ್ಳಾರಿಯ ಕೋಟೆಗುಡ್ಡ ಕಾಣಿಸಿದಾಗ ಬಿಸಿಲೇರಿತ್ತು. ಬೀಗರ ಮನೆಯ ಮುಂದೆ ಹತ್ತಿ ತುಂಬಿದ ದೊಡ್ಡ ದೊಡ್ಡ ಅಂಡಿಗೆ ಚೀಲಗಳು. ಬೀಗರು ಎದ್ದು ಬಂದು, "ಬರ್ರಿ, ಒಳಗ ಬರ್ರಿ" ಎಂದು ಮರ್ಯಾದೆಯಿಂದಲೇ ಕರೆದರು, ಕಾಲಿಗೆ ನೀರು ಕೊಡಿಸಿದರು. ಮಗನನ್ನು ಅವರ ಜೊತೆ ಹೊರಗೆ ಬಿಟ್ಟು ನಾನು ಒಳಗೆ ಹೋದೆ.

ಸೊಸೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಎದ್ದು ಕಾಲು ಮುಟ್ಟಿ ಮತ್ತೆ ಕುಳಿತಳು. ನಾನು ಎದುರಿಗೆ ಕುಳಿತು, ಬಂಡಿಯಲ್ಲಿ ಬರುವಾಗ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದನ್ನು ಹೇಳಿದೆ. ನೀನು ಹೌದು ಎಂದದ್ದನ್ನು ನಾನು ಬೇರೆಯಾಗಿ ಕೇಳಿದೆ, ಭಾವನಿಗೆ ಹೆದರಿ ನಿನ್ನನ್ನು ಬೈದೆ, ತಪ್ಪು ನನ್ನದು ಎಂದೆ. ಅವಳು ಕೂಸಿನ ಕಾಲು ನೀವುತ್ತಲೇ ಇದ್ದಳು. ನನಗೆ ಮೌನ ತಡೆದುಕೊಳ್ಳುವ ಅಭ್ಯಾಸವಿಲ್ಲ. ಹಿಂದಿನ ಸಂಜೆ ಕಲಿತದ್ದೆಲ್ಲ ಎಲ್ಲಿ ಹೋಯಿತೋ, "ನಾ ಪಾಪಿ ಅದೀನವ್ವಾ, ನನ್ನ ಬಾಯಿ ಸುಡ್ಲಿ" ಎಂದು ಅಳುತ್ತ ಕಪಾಳಕ್ಕೆ ಹೊಡೆದುಕೊಳ್ಳಲು ಶುರುಮಾಡಿದೆ.

"ಸಾಕು ಅತ್ತಿ," ಎಂದಳು.

ಎಷ್ಟೋ ತಿಂಗಳ ಮೇಲೆ ಅವಳ ದನಿ ಕೇಳಿದೆ. ಕೈ ಅಲ್ಲೇ ನಿಂತಿತು.

"ನೀವು ಹಿಂಗ ಅಳಾಕ ಹತ್ತಿದ್ರ ನಾ ನಿಮಗ ಸಮಾಧಾನ ಮಾಡ್ಬೇಕಾಕ್ಕೈತಿ. ನಂದು ಹೇಳಾದು ಹಂಗ ಉಳಿತೈತಿ."

ನಾನು ಸೆರಗಿನಿಂದ ಮುಖ ಒರೆಸಿಕೊಂಡು, "ಹೇಳವ್ವಾ. ನಡುವ ಬಾಯಿ ಹಾಕಂಗಿಲ್ಲ" ಎಂದೆ.

"ಅವುನು ಅಂದಿದ್ದು ನಿಮಗ ಹೆಂಗ ಕೇಳಿಸ್ತಂತ ನನಗ ಅವಾಗ ಗೊತ್ತಾತ್ರಿ. ಹಿತ್ತಲದಾಗ ನಿಂತು ನಕ್ಕೀನಿ. ಆಮ್ಯಾಲೆ ಇವರಿಗೂ ಹೇಳಿದೆ, ಇಬ್ರೂ ನಕ್ಕೀವಿ." ಇವರು ಎಂದರೆ ನನ್ನ ಮಗ. ನಾನು ತಿಂಗಳುಗಟ್ಟಲೆ ಬೈದುಕೊಂಡ ತಪ್ಪಿಗೆ ಅವರಿಬ್ಬರೂ ಅಂದೇ ನಕ್ಕು ಮುಗಿಸಿದ್ದರು.

"ಮತ್ತ ಯಾಕವ್ವಾ?"

ಅವಳು ಕೂಸಿಗೆ ಬಟ್ಟೆ ಸುತ್ತಿ ತೊಡೆಯ ಮೇಲೆ ಹಾಕಿಕೊಂಡಳು. "ನಿಮ್ಮಪ್ಪ ಕಲಿಸ್ಯಾನ ಅಂದ್ರಿ ನೀವು. ಕಲಿಸ್ಯಾರ ಅನ್ನಲಿಲ್ಲ. ನಾ ದೊಡ್ಡ ಮಾವನೋರಿಗೆ ಅನ್ನದ ಮಾತಿಗೆ ಅಷ್ಟು ದೊಡ್ಡ ರಂಪ ಆತು. ನೀವು ನಮ್ಮಪ್ಪಗ ಅಂದದ್ದು ಅಷ್ಟು ಮಂದ್ಯಾಗ ಒಬ್ರಿಗೂ ಕೇಳಿಸಲಿಲ್ಲ."

ನನಗೂ ಕೇಳಿಸಿರಲಿಲ್ಲ. ಅಷ್ಟು ಸಂಜೆ ದೀಪದ ಮುಂದೆ ಕುಳಿತೆ, ಆ ಮಾತನ್ನು ನೂರು ಸಲ ನೆನೆದೆ, ಕೊನೆಯ ಒಂದು ಅಕ್ಷರದ ಮೇಲೆ ನನ್ನ ಕಣ್ಣು ಬಿದ್ದಿರಲಿಲ್ಲ. ಕುರುಗೋಡಿನಲ್ಲಿ ಅಷ್ಟು ಮೆತ್ತಗೆ ಕೇಳಿಕೊಂಡಾಗಲೂ ಬಿದ್ದಿರಲಿಲ್ಲ. ಎಷ್ಟು ಪ್ರಾಮಾಣಿಕವಾಗಿ ನೋಡಿಕೊಂಡರೂ ನನ್ನ ಬೆನ್ನು ನನಗೆ ಕಾಣುವುದಿಲ್ಲ. ಅದನ್ನು ನೋಡಿ ಹೇಳಲು ಇನ್ನೊಬ್ಬರು ಬೇಕು. ಹೇಳಬಲ್ಲವಳ ಬಾಯಿಯನ್ನೇ ನಾನು ಮುಚ್ಚಿಸಿದ್ದೆ.

"ನಿಮ್ಮ ಅಪ್ಪನೋರಿಗೆ ಹೇಳೀಯೇನು?" ಎಂದು ಕೇಳಿದೆ.

"ಇಲ್ರಿ. ಯಾಕ ಹೋಗವಲ್ಲಿ ಅಂತ ದಿನಾ ಕೇಳ್ತಾರ. ಹೆಂಗ ಹೇಳ್ಲಿ? ನಿಮ್ಮನ್ನ ಹಿಂಗ ಅಂದಾರ ಅಂತ ನನ್ನ ಬಾಯಿಂದ ಹೆಂಗ ಹೇಳ್ಲಿ?"

ಆಗ ನನಗೆ ಅಳು ಬರಲಿಲ್ಲ. ಮಾಡಬೇಕಾದದ್ದು ಎದುರಿಗೇ ಇತ್ತು. ಎದ್ದು ಹೊರಗೆ ಹೋದೆ. ಬೀಗರು ಅಂಡಿಗೆಗೆ ಒರಗಿ ಕುಳಿತಿದ್ದರು, ಮಗ ನೆಲ ನೋಡುತ್ತಿದ್ದ. ಹೆಂಗಸರು ಬೀಗರ ಎದುರಿಗೆ ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ನಿಂತೆ.

"ಬೀಗರ, ನಿಮ್ಮ ಮಗಳು ಯಾಕ ಬರವಲ್ಲಳಂತ ನಿಮಗ ಗೊತ್ತಿಲ್ಲ. ನಾ ಹೇಳ್ತೀನ್ರಿ. ನಮ್ಮ ಮನ್ಯಾಗ ಮಂದಿ ಮುಂದ ನಾ ನಿಮ್ಮನ್ನ ಏಕವಚನದಾಗ ಅಂದೀನಿ. ಹತ್ತಿ ತೂಗವ ಅಂತ ಹಂಗಿಸೀನಿ. ತಪ್ಪಾತ್ರಿ. ಊರಿಗೆ ಹೋಗಿ, ನಕ್ಕ ಮಂದೀ ಮುಂದನೂ ಇದನ್ನ ಹೇಳ್ತೀನಿ."

ಇಷ್ಟೇ ಹೇಳಿದೆ. ಪಾಪಿ ಎನ್ನಲಿಲ್ಲ, ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಮಗ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಬೀಗರು ಅಂಗಿಗೆ ಅಂಟಿದ ಹತ್ತಿಯ ಎಳೆ ಕಿತ್ತು ಬೆರಳಲ್ಲಿ ಉಂಡೆ ಮಾಡಿದರು.

"ಪ್ಯಾಟ್ಯಾಗ ನನಗ ಏನೇನೋ ಅಂತಾರ, ಅದಲ್ಲ ಬಿಡ್ರಿ," ಎಂದರು ಕೊನೆಗೆ. "ನನ್ನ ಮಗಳು ಇಷ್ಟು ದಿನ ಇದನ್ನ ಒಬ್ಬಾಕಿನ ಇಟಗೊಂಡು ಕುಂತಾಳಲ್ರಿ." ಆ ಉಂಡೆಯನ್ನು ಕೆಳಗೆ ಬಿಟ್ಟರು. ಆಮೇಲೆ, "ಆಕೀನ ಕೇಳ್ರಿ. ಬರ್ತೀನಂದ್ರ ಕರಕೊಂಡು ಹೋಗ್ರಿ, ಒಲ್ಲೆ ಅಂದ್ರ ಬಲವಂತ ಮಾಡಬ್ಯಾಡ್ರಿ" ಎಂದರು.

ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಕೂಸಿನ ಬಟ್ಟೆಗಳ ಗಂಟನ್ನು ತಂದು ಬಂಡಿಯಲ್ಲಿಟ್ಟಳು.

ಗುಡ್ಡ ಹಿಂದೆ ಉಳಿದ ಮೇಲೆ, ಮಗ ಎತ್ತುಗಳ ಜೊತೆ ಮಾತಾಡುತ್ತಿದ್ದಾಗ, ಅವಳು ಕೂಸನ್ನು ತಟ್ಟುತ್ತ ಹೇಳಿದಳು:

"ಅತ್ತಿ, ನೀವು ಮತ್ತ ಬೈತೀರಿ. ನನಗ ಗೊತ್ತೈತಿ."

"ಬೈತೀನಿ. ಸುಳ್ಳು ಯಾಕ ಹೇಳ್ಲಿ? ಆದ್ರ ದಿನಾ ಸಂಜಿಕ ದೀಪದ ಮುಂದ ಕುಂತು ನೋಡಕೋತೀನಿ. ತಪ್ಪಿದ್ರ ಬಂದು ನಿನಗ ಹೇಳ್ತೀನಿ."

ಅವಳು ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಹಿಡಿದಳು.

"ಸಂಜೀತನಕ ನೀವು ಬೈದದ್ದನ್ನ ನಾ ಹೊತಗೊಂಡು ತಿರಗಬೇಕೇನ್ರಿ?" ಎಂದು ಕೇಳಿದಳು.